ಬರ್ತೇನಿ ಅನ್ನಬಾರದ ಯಮನವ್ವ

“ಯಮನವ್ವ ಬಾಗಲಿಗಿ ಬಂದು ‘ಆರಾಮೇನ್ರಿ?’ ಅಂದ್ಲಂದ್ರ, ಆರಾಮ ಇದ್ದವರೂ ಹಾಸಿಗಿ ಹಿಡೀತಾರ.”

ಇಳಕಲ್ಲಿನ ಆ ನೇಕಾರರ ಓಣಿಯಲ್ಲಿ ಜನ ಹೀಗೆ ಅನ್ನುತ್ತಿದ್ದರು. ಮೊದಮೊದಲು ನಗುತ್ತ ಅಂದರು, ಆಮೇಲೆ ನಗದೆ ಅಂದರು. ನಳದ ಕಟ್ಟೆಯ ಮೇಲೆ ಕೂತು ಸೀರೆಯ ಸೆರಗಿಗೆ ಗೊಂಡೆ ಕಟ್ಟುವ ದಸ್ತಗೀರಬಿ, “ಆಕಿ ನೆರಳ ಬಿದ್ರ ಸಾಕು, ಕೊಡದಾನ ನೀರ ಐಸ್ ಆಗ್ತಾವ” ಎಂದು ಅದಕ್ಕೆ ತನ್ನದೊಂದು ಗಂಟು ಹಾಕುತ್ತಿದ್ದಳು. ಚೆಂಡಾಟದಲ್ಲಿ ಔಟಾದವನಿಗೆ ಹುಡುಗರು “ಹೋದ್ಯಲೇ, ಯಮನವ್ವನ ಪೆಟಗ್ಯಾಗ ಹೋದಿ!” ಎಂದು ಕೂಗುತ್ತಿದ್ದರು. ಹೆಸರಂತೂ ಅವರಿಗೆ ಪುಕ್ಕಟೆ ಸಿಕ್ಕಿತ್ತು. ಯಮನೂರಿನ ದೇವರಿಗೆ ಹರಕೆ ಹೊತ್ತು ಪಡೆದ ಮಗಳೆಂದು ತಾಯಿ ಆ ಹೆಸರಿಟ್ಟಿದ್ದಳು. ಓಣಿಯವರು ಊರನ್ನು ಬಿಟ್ಟು ಯಮನನ್ನಷ್ಟೇ ಹಿಡಿದುಕೊಂಡರು.

ಇದೇ ಓಣಿ ಮೊದಲು ಬೇರೆ ಮಾತಾಡುತ್ತಿತ್ತು. ಯಮನವ್ವನ ಗಂಡ ಕನಕಪ್ಪ ಪಾವರ್‌ಲೂಮಿನಲ್ಲಿ ದುಡಿಯುತ್ತಿದ್ದ. ಈಕೆ ಬಾಡಿಗೆ ಮನೆಯ ಪಡಸಾಲೆಯಲ್ಲಿ ಕೂತು ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು. ಯಾರ ಮನೆಯಲ್ಲಿ ಕೂಸು ಹುಟ್ಟಲಿ, ತೊಟ್ಟಿಲಿಗೆ ಹಾಕುವ ದಿನ ಮೊದಲ ಕರೆ ಆಕೆಗೇ. “ಯಮನವ್ವ ಜೋಗುಳ ಹಾಡಿದ್ರ ಕೂಸಷ್ಟ ಅಲ್ಲ, ಕೂಸಿನ ಅಜ್ಜಿನೂ ತೂಕಡಸ್ತಾಳ” ಎಂದು ನಗುತ್ತಿದ್ದ ಹೆಂಗಸರಲ್ಲಿ ಈ ದಸ್ತಗೀರಬಿಯೂ ಒಬ್ಬಳು. ಅವಳ ಮಗ ಅರ್ಷದನನ್ನು ತೊಟ್ಟಿಲಿಗೆ ಹಾಕಿದಾಗಲೂ ಹಾಡಿದ್ದು ಯಮನವ್ವನೇ.

ಒಂದು ಬೇಸಿಗೆಯಲ್ಲಿ ಕನಕಪ್ಪ ಮಗ್ಗದ ಮುಂದೆಯೇ ಕುಸಿದು ಕೂತ, ಏಳಲಿಲ್ಲ. ಒಬ್ಬಳೇ ಮಗಳು ಮಹಾನಂದಾ ಮಂಗಳೂರಿನಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ಸುದ್ದಿ ಕೇಳಿ ಸಿಕ್ಕ ಬಸ್ಸು ಹತ್ತಿದಳು. ಇಲ್ಲಿ ಬಿಸಿಲು ಹೆಂಚಿನ ಮೇಲಿನ ರೊಟ್ಟಿಯ ಹಾಗೆ ಊರನ್ನು ಸುಡುತ್ತಿತ್ತು. ಹೆಣ ಕೆಡದಂತೆ ಇಡುವ ಐಸ್ ಪೆಟ್ಟಿಗೆಯನ್ನು ಬಾಗಲಕೋಟೆಯಿಂದ ತರಿಸೋಣವೆಂದರೆ ಅದು ಬೇರೆ ಊರಿಗೆ ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಹಿರಿಯರು ಮೂಗಿಗೆ ಟಾವೆಲ್ ಹಿಡಿದುಕೊಂಡು, “ಇನ್ನ ಇಡೂದ ಆಗೂದಿಲ್ಲ, ಯಮನವ್ವ. ಎತ್ತೂನು” ಅಂದರು. ಮಗಳು ಬಸ್ಸಿಳಿದು ಓಡಿ ಬಂದಾಗ ಮಣ್ಣು ಕೊಟ್ಟವರು ನಳದ ಮುಂದೆ ಕೈಕಾಲು ತೊಳೆಯುತ್ತಿದ್ದರು. ಆಕೆಗೆ ತಂದೆಯ ಮುಖ ನೋಡಲು ಸಿಗಲಿಲ್ಲ. ತಾಯಿಯನ್ನು ಹಿಡಿದು ಅಲ್ಲಾಡಿಸಿ, “ಒಂದ ತಾಸ ತಡೀಲಾರದ ಹೋದೇನ, ಅವ್ವಾ?” ಎಂದು ಕೇಳಿದಳು.

ಆ ಮಾತಿನ ಮೇಲೆ ಯಮನವ್ವ ತನ್ನ ದಂಧೆ ಕಟ್ಟಿದಳು.

ಮರುವರ್ಷ ಮಗಳ ಮದುವೆಯಾಯಿತು. ಅಳಿಯ ಸಚಿನ ಬಾದಾಮಿಯ ಹತ್ತಿರ ಚೊಳಚಗುಡ್ಡದವನು, ಬನಶಂಕರಿ ಗುಡಿಯ ಮುಂದೆ ಕಾಯಿ ಕರ್ಪೂರದ ಅಂಗಡಿ. ಮಗಳು ಗಂಡನ ಮನೆ ಸೇರಿದ ಮೇಲೆ ಯಮನವ್ವ ಕೊರಳಿನ ಬೋರಮಾಳ ಮಾರಿ, ಹುಬ್ಬಳ್ಳಿಗೆ ಹೋಗಿ, ಗಾಜಿನ ಮುಚ್ಚಳದ ಉದ್ದನೆಯ ಐಸ್ ಪೆಟ್ಟಿಗೆ ಕೊಂಡು ತಂದಳು. ತಂದವನು ಖಾದರಬಾಷಾ. ಅವನದೊಂದು ಟಂಟಂ ಗಾಡಿ, ಸಾಮಾನು ಸಾಗಿಸುವುದು.

“ಅಕ್ಕಾ, ನಮ್ಮ ಮಂದಿ ನಂಬಿ ಈ ದಂಧೆ ಮಾಡಬ್ಯಾಡ ಮತ್ತ” ಅಂದ ಅವನು ಪೆಟ್ಟಿಗೆ ಇಳಿಸುತ್ತ. “ನಮ್ಮವರು ಗಡಿಬಿಡಿ ಮಂದಿ. ನಿನ್ನ ಪೆಟಗಿ ತಣ್ಣಗಾಗೂದ್ರಾಗ ಮಣ್ಣ ಕೊಟ್ಟು, ಚಾ ಕುಡದು ಬಂದಿರ್ತಾರ.”

“ಸಾಯಾಕ ನಿಮ್ಮವರ ಅಷ್ಟ ಅದಾರೇನ, ಖಾದರಭಾಯಿ?”

“ಹಂಗಂತೀಯಾ? ಹಂಗಾದ್ರ ನನ್ನ ಗಾಡಿ ನಿನಗ ಬರ್ದಿಟ್ಟೆ ತಗೊ. ಹೆಸರೇನ ಬರಸೂನು?”

ಇಲ್ಲಿ ಯಮನವ್ವ ಒಂದು ತಪ್ಪು ಮಾಡಿದಳು. ನಮ್ಮ ಕಡೆ ಹಿಟ್ಟಿನ ಗಿರಣಿ ಹಾಕಲಿ, ಲಾರಿ ಕೊಳ್ಳಲಿ, ಚಾದ ಅಂಗಡಿ ತೆಗೆಯಲಿ, ಮೊದಲು ಬರೆಸುವುದು ಮಕ್ಕಳ ಹೆಸರು. ಆಕೆ ಯೋಚಿಸಲೂ ಇಲ್ಲ. ಟಂಟಂನ ಎರಡೂ ಮಗ್ಗುಲಿಗೆ ಕೆಂಪು ಅಕ್ಷರದಲ್ಲಿ ಬರೆಸಿದಳು: “ಮಹಾನಂದಾ ಐಸ್ ಪೆಟ್ಟಿಗೆ ಸೇವೆ”. ಫೋಟೋ ತೆಗೆಸಿ ಮಗಳಿಗೂ ಕಳಿಸಿದಳು.

ಮಗಳು ಕೂಡಲೇ ಫೋನು ಮಾಡಿದಳು. “ಅವ್ವಾ, ಹೆಣದ ಪೆಟಗಿಗೆ ನನ್ನ ಹೆಸರ್ಯಾಕ ಇಟ್ಟಿ?”

“ಮತ್ಯಾರದ ಇಡ್ಲಿ? ನನಗ ಇರಾಕಿ ನೀ ಒಬ್ಬಾಕಿ.”

ಮಗಳು ಫೋನಿಟ್ಟಳು. ಯಮನವ್ವ ಅದನ್ನು ನಾಚಿಕೆ ಅಂದುಕೊಂಡಳು.

ದಂಧೆ ಶುರು ಮಾಡುವುದೆಂದರೆ ಸಾಮಾನು ತಂದಿಟ್ಟುಕೊಂಡಷ್ಟಲ್ಲ, ಅದನ್ನು ನಾಲ್ಕು ಮಂದಿಗೆ ಹೇಳಬೇಕು. ಹೊಸ ಸೀರೆ ಬಂದಿದೆ ಎಂದು ಹೇಳಬಹುದು, ಬಿಸಿ ಮಿರ್ಚಿ ಬಂದಿದೆ ಎಂದು ಕೂಗಬಹುದು. ಇದನ್ನು ಹೇಗೆ ಹೇಳುವುದು? ಯಮನವ್ವ ಕಾರ್ಡು ಮಾಡಿಸಿದಳು. ಕಾರ್ಡು ಚಾಚಿದರೆ ಜನ ಕೈ ಹಿಂದಕ್ಕೆ ಕಟ್ಟಿಕೊಂಡರು. ಕಿರಾಣಿ ಅಂಗಡಿಯವನು, “ಯವ್ವಾ, ಇದನ್ನ ಕಿಸೆದಾಗ ಇಟ್ಕೊಂಡ ತಿರಗ್ಯಾಡ್ಲೇನ ನಾ?” ಎಂದು ಅದನ್ನು ಕಾಗದದ ತುದಿ ಹಿಡಿದು ವಾಪಸ್ಸು ಕೊಟ್ಟ. ಕೊನೆಗೆ ದವಾಖಾನೆಗಳ ವಾರ್ಡ್‌ಬಾಯ್‌ಗಳಿಗೆ, ಹೂವಿನವರಿಗೆ, ಕುಣಿ ತೋಡುವವರಿಗೆ ಕೊಟ್ಟು ಬಂದಳು. ಅವರು ಬೇಡ ಅನ್ನಲಿಲ್ಲ.

ಮೊದಲ ಕರೆ ಮರೋಳದಿಂದ ಬಂತು. ಅಜ್ಜ ಇವತ್ತೋ ನಾಳೆಯೋ ಎನ್ನುವಂತಿದ್ದಾನೆ, ಮೊದಲೇ ತಂದಿಟ್ಟಿರಿ ಅಂದರು. ಖಾದರಬಾಷಾ, ಯಮನವ್ವ ಸೇರಿ ಪೆಟ್ಟಿಗೆ ಒಯ್ದು ಅಂಗಳದಲ್ಲಿ ಇಳಿಸಿದರು. ಒಳಗೆ ಹೊರಸಿನ ಮೇಲಿದ್ದ ಅಜ್ಜ ಕಿಟಕಿಯಿಂದ ಅದನ್ನು ನೋಡಿದ. “ಅದೇನದು ಗಾಜಿಂದು?” ಎಂದು ಕೇಳಿದ. ಮಕ್ಕಳು ಓಡಿ ಬಂದು ಕಿಟಕಿ ಮುಚ್ಚಿದರು. ಅಜ್ಜನಿಗೆ ಗೊತ್ತಾಗಿಬಿಟ್ಟಿತು. ಮಕ್ಕಳ ಮೂರು ತಲೆಮಾರನ್ನು ಬಯ್ಯುತ್ತ ಎದ್ದು ಕೂತ, ಗಂಜಿ ಕೇಳಿದ, ಸಂಜೆಗೆ ಬೀಡಿಯನ್ನೂ ಕೇಳಿದ. ಮನೆಯವರು ಬಾಡಿಗೆ ಕೊಡಲಿಲ್ಲ. “ನಿಮ್ಮ ಪೆಟಗಿ ಕೆಲಸಕ್ಕ ಬರ್ಲಿಲ್ಲಲ್ಲವಾ” ಅಂದರು. ಖಾದರಬಾಷಾ ದಾರಿಯುದ್ದಕ್ಕೂ ನಕ್ಕ. “ಅಕ್ಕಾ, ಗಾಡಿ ಮ್ಯಾಲಿನ ಹೆಸರ ಬದಲ್ಸು. ಮಹಾನಂದಾ ದವಾಖಾನಿ ಅಂತ ಬರ್ಸು. ನೋಡಿದ ಕೂಡಲೇ ಗುಣ!” ಯಮನವ್ವನೂ ನಕ್ಕಳು. ಆ ದಂಧೆಯಲ್ಲಿ ಆಕೆ ಹಾಗೆ ನಕ್ಕಿದ್ದು ಅದೊಂದೇ ಸಲ.

ಆಮೇಲೆ ಕೆಲಸ ಬಂತು. ಶಿರೂರಿನಲ್ಲಿ ಕರೆಂಟು ಹೋಗಿ, ಜನ ಈಕೆಯೇ ತಂತಿ ಕಿತ್ತಳೆಂಬಂತೆ ಸುತ್ತುವರಿದರು. ಖಾದರಬಾಷಾ ತೋಟದವರೊಬ್ಬರ ಜನರೇಟರು ಎಳೆದು ತಂದ. ಕೆಲವು ಮನೆಗಳ ಬಾಗಿಲು ಸಣ್ಣದು, ಪೆಟ್ಟಿಗೆ ಓರೆ ಮಾಡಿ ಒಳಗೆ ತೂರಿಸಬೇಕು. ಕೆಲಸ ಮುಗಿದ ಮೇಲೆ ತೊಳೆಯಲು ನೀರು ಕೇಳಿದರೆ ಯಾರೂ ಕೊಡರು. ಹಳ್ಳದ ದಂಡೆಗೆ ಒಯ್ದು ಫಿನಾಯಿಲು ಹಾಕಿ ತಾನೇ ತೊಳೆಯುತ್ತಿದ್ದಳು. ಆದರೆ ದೂರದಿಂದ ಬಂದ ಮಗನೋ ಮಗಳೋ ಗಾಜಿನ ಮೇಲೆ ಗಲ್ಲ ಇಟ್ಟು ಅಳುವಾಗ, ಆಕೆ ಗೋಡೆಯ ಮರೆಗೆ ನಿಂತು ನೋಡುತ್ತಿದ್ದಳು. ಅಷ್ಟು ಸಾಕು ಅನಿಸುತ್ತಿತ್ತು.

ಸಾಕಾಗಲಿಲ್ಲ. ಒಂದು ದಿನ ಹುನಗುಂದದ ಮನೆಯೊಂದರಿಂದ ಪೆಟ್ಟಿಗೆ ಎತ್ತಿಕೊಂಡು ಹೊರಟವಳು, ರೂಢಿಯಂತೆ ತಿರುಗಿ, “ಬರ್ತೇನ್ರೀ” ಅಂದುಬಿಟ್ಟಳು.

ನಮ್ಮಲ್ಲಿ ಹೋಗುವವರಾರೂ ಹೋಗ್ತೇನಿ ಅನ್ನುವುದಿಲ್ಲ, ಅದು ಸಾವಿನ ಮಾತು. ಬರ್ತೇನಿ ಅನ್ನುತ್ತಾರೆ. ಕಳಿಸುವವರು ಹೋಗಿ ಬಾ ಅನ್ನುತ್ತಾರೆ. ಹುಟ್ಟಿದಾಗಿನಿಂದ ಬಾಯಲ್ಲಿ ಇದ್ದ ಮಾತು ಅದು. ಆದರೆ ಹೆಣದ ಪೆಟ್ಟಿಗೆಯವಳು ಸಾವಿನ ಮನೆಯ ಹೊಸ್ತಿಲಲ್ಲಿ ನಿಂತು ಬರ್ತೇನಿ ಅಂದರೆ? ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿದರು. ಒಬ್ಬಳು ಎದೆ ಬಡಿದುಕೊಂಡು, “ಅಯ್ಯ ನಿನ್ನ ಬಾಯಿಗೆ ಹುಳಾ ಬೀಳ್ಲಿ, ಮತ್ತ್ಯಾರನ್ನ ಒಯ್ಯಾಕ ಬರ್ತೀಯೇ?” ಎಂದು ಚೀರಿದಳು. ಬೀಸಿ ಬಂದ ಚಪ್ಪಲಿ ಯಮನವ್ವನ ಬೆನ್ನಿಗೆ ಬಡಿಯಿತು.

ಆವತ್ತಿನಿಂದ ಸಾವಿನ ಮನೆಗಳಲ್ಲಿ ಆಕೆ ಬಾಯಿ ತೆರೆಯುವುದನ್ನೇ ಬಿಟ್ಟಳು. ಮಾತೆಲ್ಲ ಖಾದರಬಾಷಾನದು. ಈಕೆ ಕೈ ಸನ್ನೆ ಮಾಡುವಳು, ತಲೆ ಆಡಿಸುವಳು, ಅಷ್ಟೇ. ಓಣಿಯಲ್ಲೂ ಹಾಗೇ ಆಯಿತು. ಕೆಮ್ಮುತ್ತಿದ್ದ ಎದುರುಮನೆಯ ಮುದುಕನಿಗೆ “ಆರಾಮೇನ್ರಿ, ಕಾಕಾ?” ಅಂದದ್ದಕ್ಕೆ ಅವನ ಸೊಸೆ ಬಾಗಿಲು ಬಡಿದಳು. “ನಿನ್ನ ಗಿರಾಕಿ ಅಲ್ಲ ನಮ್ಮ ಮಾವಾ. ಮುಂದ ಹೋಗು” ಎಂದು ಒಳಗಿನಿಂದ ಕೂಗಿದಳು. ತೊಟ್ಟಿಲ ಕರೆಗಳು ತಾವಾಗಿಯೇ ನಿಂತವು. ಜೋಗುಳವನ್ನು ಜನ ಫೋನಿನಲ್ಲಿ ಹಚ್ಚಿ ಕೇಳಿಸಿದರು.

ಇದನ್ನೆಲ್ಲ ಆಕೆ ತಡೆದುಕೊಂಡಳು, ಯಾಕೆಂದರೆ ಮಗಳು ಬಸುರಿಯಾಗಿದ್ದಳು. ಮೊದಲ ಹೆರಿಗೆ ತವರಿನಲ್ಲೇ. ಅಟ್ಟದ ಮೇಲಿನ ಹಳೆಯ ತೊಟ್ಟಿಲು ಇಳಿಸಿ, ಎಣ್ಣೆ ಒರೆಸಿ, ಪಡಸಾಲೆಯ ಮೂಲೆಯಲ್ಲಿ ನಿಲ್ಲಿಸಿದಳು. ಪೆಟ್ಟಿಗೆಯನ್ನು ಮಗ್ಗುಲ ಕೋಣೆಯಲ್ಲಿಟ್ಟು ಮೇಲೆ ಹಾಸಿಗೆಯ ಹೊದಿಕೆ ಮುಚ್ಚಿದಳು. “ಯಾರ ಕೈ ಬಿಟ್ರೂ ನನ್ನ ಕೂಸು ನನ್ನ ಹತ್ರ ಬರ್ತೈತಿ” ಎಂದು ಖಾದರಬಾಷಾನ ಮುಂದೆ ಹೇಳುತ್ತಿದ್ದಳು. ಮೊಮ್ಮಗುವಿಗೆ ಹಾಡಬೇಕಾದ ಜೋಗುಳವನ್ನು ಕಂಡಿಕೆ ಸುತ್ತುವಾಗ ಗುನುಗುತ್ತಿದ್ದಳು.

ಮಗಳ ಕುಬಸದ, ಅಂದರೆ ಸೀಮಂತದ, ದಿನ ಹಸಿರು ಸೀರೆ, ಹಸಿರು ಬಳೆ, ಐದು ತರಹದ ಉಂಡಿ ಕಟ್ಟಿಕೊಂಡು ಚೊಳಚಗುಡ್ಡಕ್ಕೆ ಹೋದಳು. ಹೊಟ್ಟೆ ಹೊತ್ತ ಮಗಳನ್ನು ಮಣೆಯ ಮೇಲೆ ಕೂಡಿಸಿದ್ದರು. ಯಮನವ್ವ ಉಡಿ ತುಂಬಲು ಅಕ್ಕಿ ಕೈಗೆತ್ತಿಕೊಂಡಳು. ಮಗಳ ಅತ್ತೆ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದಳು. ಗಟ್ಟಿಯಾಗಿಯೇ ಹಿಡಿದಳು.

“ಉಡಿ ನಾವ ತುಂಬ್ತೇವಿ. ನೀವ ಅಲ್ಲಿ ಕೂಡ್ರಿ, ಬೀಗರ.”

ಅಕ್ಕಿ ನೆಲಕ್ಕೆ ಚೆಲ್ಲಿತು. ಮಹಾನಂದಾ ತಲೆ ಎತ್ತಲಿಲ್ಲ. ಸಚಿನ ಫೋನು ನೋಡುತ್ತ ನಿಂತಿದ್ದ.

ಊಟವಾದ ಮೇಲೆ ಬೀಗತಿ ಎಲೆ ಅಡಿಕೆ ಮಡಿಸುತ್ತ ಹೇಳಿದಳು: “ಒಳಗೊಂದು ಹೊರಗೊಂದು ನನಗ ಬರೂದಿಲ್ಲ. ನಾ ಬನಶಂಕರಿ ಗುಡಿ ಮುಂದ ರೊಟ್ಟಿ ಮಸರ ಮಾರಾಕಿ. ನಾಕ ಮಂದಿ ನನ್ನ ಕೈಯಾಗಿಂದು ಉಣಬೇಕು. ಹೆಣದ ಪೆಟಗಿ ತೊಳ್ಯಾಕಿ ಇವ್ರ ಬೀಗತಿ ಅಂತ ಒಬ್ಬರಿಗಿ ಗೊತ್ತಾದ್ರ ನಾಯಿನೂ ನನ್ನ ಬುಟ್ಟಿ ಮೂಸೂದಿಲ್ಲ. ಅದರ ಮ್ಯಾಲ ನನ್ನ ಸೊಸಿ ಹೆಸರ ಬರಸೀರಿ. ಹೊಟ್ಯಾಗ ಕೂಸ ಇಟ್ಕೊಂಡಾಕಿ ಹೆಸರ್ರೀ ಅದು!”

“ಅಳಸ್ತೇನ್ರೀ.”

“ಅಳಸಿದ್ರ ಮುಗೀತೇನ? ಆ ಪೆಟಗಿ ನಿಮ್ಮ ಮನಿ ಬಿಟ್ಟ ಹೋಗಬೇಕು. ಹೋದ ಮ್ಯಾಲ ಫೋನ್ ಮಾಡ್ರಿ, ಸೊಸೀನ್ನ ಕಳಸ್ತೇನಿ. ಇಲ್ಲಂದ್ರ ಬಾಣಂತನಾ ಇಲ್ಲೇ, ನೀವ ಬರೂದೂ ಬ್ಯಾಡ.”

ಯಮನವ್ವ ಬಸ್ಸಿನಲ್ಲಿ ಬರುವಾಗಲೇ ತೀರ್ಮಾನ ಮಾಡಿದ್ದಳು. ಹೆಸರನ್ನು ತಾನೇ ಕಲ್ಲಿನಿಂದ ಉಜ್ಜಿ ತೆಗೆದಳು. ಬಣ್ಣ ಹೋದರೂ ಅಕ್ಷರದ ಗುರುತು ಉಳಿಯಿತು. ಬಾಗಲಕೋಟೆಯಲ್ಲಿ ಪೆಂಡಾಲು ಹಾಕುವವನೊಬ್ಬ ಪೆಟ್ಟಿಗೆ ಕೊಳ್ಳಲು ಒಪ್ಪಿದ. ಸೋಮವಾರ ಬಂದು ಒಯ್ಯುತ್ತೇನೆಂದ. ಆಕೆ ಬೀಗತಿಗೆ ಹೇಳಿದಳು. ಗುರುವಾರ ಮಗಳು ಬರುವುದೆಂದು ಮಾತಾಯಿತು. ಯಮನವ್ವ ಮನೆಗೆ ಸುಣ್ಣ ಹಚ್ಚಿದಳು.

ಭಾನುವಾರ ಬೆಳಗ್ಗೆ ಶಿವಸಂಗಪ್ಪನ ತಾಯಿ ತೀರಿಕೊಂಡಳು.

ಶಿವಸಂಗಪ್ಪ ಅಂದರೆ ಯಮನವ್ವ ಬಾಡಿಗೆಗಿದ್ದ ಮನೆಯ ಮಾಲೀಕ. ಓಣಿಯ ತುದಿಯ ದೊಡ್ಡ ಮನೆ ಅವನದು, ಸೀರೆ ವ್ಯಾಪಾರ. ಪೆಟ್ಟಿಗೆಯನ್ನು ಹಗಲು ಓಣಿಯಲ್ಲಿ ತರಬಾರದು, ತಂದರೆ ಗೋಣಿ ಹೊದಿಸಿ ತರಬೇಕು ಎಂದು ಕಟ್ಟಳೆ ಮಾಡಿದವನೂ ಅವನೇ. ಅವನ ಹಿರಿಯಣ್ಣ ಕಾಶಿ ಯಾತ್ರೆಗೆ ಹೋಗಿದ್ದ. ಅಲ್ಲಿಂದ ಫೋನಿನಲ್ಲಿ ಅವನ ಮಾತು ಒಂದೇ. “ನಾ ಬರೂತನಕ ಅವ್ವನ್ನ ಎತ್ತಬ್ಯಾಡ್ರಿ. ಎತ್ತಿದ್ರ ನನಗೂ ನಿನಗೂ ಕೋರ್ಟಿನ್ಯಾಗ ಭೆಟ್ಟಿ.” ಆಸ್ತಿ ಇನ್ನೂ ಪಾಲಾಗಿರಲಿಲ್ಲ. ಸತ್ತ ತಾಯಿಯ ಹೆಬ್ಬೆಟ್ಟನ್ನು ತಮ್ಮ ಯಾವ ಕಾಗದಕ್ಕಾದರೂ ಒತ್ತಿಸಿಕೊಂಡಾನೆಂದು ಅವನ ಸಂಶಯ.

ಶಿವಸಂಗಪ್ಪ ಬರಿಗಾಲಲ್ಲಿ ಯಮನವ್ವನ ಬಾಗಿಲಿಗೆ ಬಂದ.

“ಯಮನವ್ವ, ಪೆಟಗಿ ಬೇಕಾಗೇತಿ.”

“ಮಾರೀನ್ರೀ, ಅಣ್ಣಾರ. ನಾಳೆ ಒಯ್ಯಾಕ ಬರ್ತಾರ. ನನ್ನ ಮಗಳು ಬರೂದೈತಿ, ಮತ್ತ ಅದನ್ನ ಓಣ್ಯಾಗ ಹಚ್ಚಿದ್ರ ಅವರ ಕಿವಿಗೆ ಬೀಳ್ತೈತ್ರೀ.”

“ನನ್ನ ಅವ್ವ ಬಿಸಲಾಗ ಬಿದ್ದಾಳ, ನೀ ಮಗಳ ಕಥಿ ಹೇಳ್ತಿಯಾ? ಯಾರ ಮನ್ಯಾಗ ಅದೀ ಅನ್ನೂದು ನೆನಪೈತಿಲ್ಲ?”

ಮನೆಯ ಮಾತಿಗೆ ಆಕೆ ಹೆದರಿದಳು ಅನ್ನಿ. ಆದರೆ ಖರೆ ಹೇಳಬೇಕೆಂದರೆ, ಬಿಸಿಲಲ್ಲಿ ಬಿದ್ದಾಳೆ ಅಂದಾಗ ಆಕೆಗೆ ಕನಕಪ್ಪನ ಮುಖ ಕಂಡಿತು. ಕೀಲಿ ತೆಗೆದಳು.

ಈಗ ಒಂದು ಮಾತು ಹೇಳಬೇಕು. ಶಿವಸಂಗಪ್ಪನ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಜೀವ ಹೋದ ಕೂಡಲೇ ಚಕ್ಕಳಬಕ್ಕಳ ಹಾಕಿ ಗೋಡೆಗೆ ಆನಿಸಿ ಕೂಡಿಸುತ್ತಾರೆ. ಕೂತಂತೆಯೇ ಹೂವಿನ ವಿಮಾನದಲ್ಲಿ ಹೊರುತ್ತಾರೆ, ಕೂತಂತೆಯೇ ಕುಣಿಗೆ ಇಳಿಸುತ್ತಾರೆ. ಅಂಥ ಮನೆಗಳವರು ಅದುವರೆಗೆ ಯಮನವ್ವನನ್ನು ಕರೆದಿರಲಿಲ್ಲ, ಅವತ್ತಿಂದವತ್ತೇ ಮಣ್ಣು ಮಾಡುತ್ತಿದ್ದರು. ಆಕೆಯ ಪೆಟ್ಟಿಗೆಯೋ ಮಲಗುವವರಿಗೆ ಮಾಡಿದ್ದು.

ಮುದುಕಿಯನ್ನು ಎತ್ತಿ ತಂದು ಪೆಟ್ಟಿಗೆಯಲ್ಲಿ ಮಲಗಿಸುವಾಗ ಯಮನವ್ವನಿಗೆ ಅದು ಹೊಳೆಯಿತು. ಕೈಕಾಲು ಇನ್ನೂ ಮೆತ್ತಗಿದ್ದವು. ಒಮ್ಮೆ ಹೀಗೆ ಚಾಚಿ ಮಲಗಿಸಿ ತಂಪಿಗೆ ಇಟ್ಟರೆ ಆಮೇಲೆ ಮಣಿಯುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಬಾಯಿ ತೆರೆದಳು. “ಅಣ್ಣಾರ, ನಿಮ್ಮಲ್ಲಿ—”

“ಏ, ನೀ ಬಾಯಿ ತೆರೀಬ್ಯಾಡ!” ಅಂದ ಶಿವಸಂಗಪ್ಪ. “ನಿನ್ನ ಬಾಯಾಗಿಂದ ಒಂದ ಮಾತ ಈ ಮನ್ಯಾಗ ಬೀಳಬಾರದು. ಹಚ್ಚಿ ನಡಿ.”

ಖಾದರಬಾಷಾ ಹೊರಗೆ ತಂತಿ ಎಳೆಯುತ್ತಿದ್ದ. ಯಮನವ್ವ ಬಾಯಿ ಮುಚ್ಚಿದಳು. ಬಟನ್ ಒತ್ತಿದಳು, ಹೊರಗೆ ಬಂದಳು.

ಸೋಮವಾರ ಪೆಂಡಾಲಿನವನು ಬಂದು, ಪೆಟ್ಟಿಗೆ ಕೆಲಸದ ಮೇಲಿದೆಯೆಂದು ತಿಳಿದು, ನಾಳೆ ಬರುತ್ತೇನೆಂದು ಹೋದ. ಮಂಗಳವಾರ ಬೆಳಗ್ಗೆ ಹಿರಿಯಣ್ಣ ಗಂಗೆಯ ನೀರಿನ ತಂಬಿಗೆ ಹಿಡಿದು ಬಂದ. ಅಂಗಳದಲ್ಲಿ ವಿಮಾನ ಸಿಂಗರಿಸಿ ನಿಂತಿತ್ತು. ಭಜನೆಯವರು ತಾಳ ಹಿಡಿದು ಕೂತಿದ್ದರು. ಮುಚ್ಚಳ ತೆಗೆದು ಮುದುಕಿಯನ್ನು ಎತ್ತಿದರೆ ಬಾಗಿಲ ಹಲಗೆ ಎತ್ತಿದ ಹಾಗೆ ಎದ್ದಳು. ಕೂಡಿಸಲು ಹೋದರು, ಮೊಣಕಾಲು ಮಣಿಯಲಿಲ್ಲ. ಬಿಸಿನೀರಿನ ಬಟ್ಟೆ ಹಾಕಿದರು. ನಾಲ್ವರು ಗಂಡಸರು ಒತ್ತಿ ಹಿಡಿದರು. ಹೆಂಗಸರು ಮುಖ ತಿರುಗಿಸಿಕೊಂಡರು. ಯಾವುದೋ ಕೀಲು ಟಕ್ಕೆಂದಿತು, ಅವರು ಕೈಬಿಟ್ಟರು.

ಹಿರಿಯಣ್ಣ ತಂಬಿಗೆಯನ್ನು ನೆಲಕ್ಕೆ ಕುಕ್ಕಿದ. “ಶಿವ್ಯಾ! ಅವ್ವನ್ನ ಕಟಗಿ ಮಾಡಿಟ್ಟಿಯಲ್ಲೋ! ಹಿರೇರು ಕುಂತಲ್ಲಿ ಇಕಿ ಹೆಂಗ ಮಲ್ಕೊಂಡ ಹೋಗ್ಬೇಕೋ?”

ಶಿವಸಂಗಪ್ಪನ ಕಣ್ಣು ಅಂಗಳವನ್ನೆಲ್ಲ ಸುತ್ತಿ, ಗೇಟಿನ ಹತ್ತಿರ ನಿಂತಿದ್ದ ಯಮನವ್ವನ ಮೇಲೆ ನಿಂತಿತು. “ನನ್ನ ಕೇಳಬ್ಯಾಡ, ಆಕೀನ್ನ ಕೇಳು. ದಂಧೆ ಮಾಡಾಕಿ ಆಕಿ. ಹೇಳ್ಬೇಕಿತ್ತೋ ಬ್ಯಾಡೋ?”

“ಹೇಳಾಕ ಬಂದಿದ್ನೆಲ್ರೀ, ಅಣ್ಣಾರ. ನೀವ ಬಾಯಿ ತೆರೀಬ್ಯಾಡ ಅಂದ್ರಿ.”

“ಸುಳ್ಳ ಬೊಗಳ್ತಿಯಾ? ಅವ್ವನ ಮಣ್ಣ ಮುಂದಿಟ್ಕೊಂಡ ಸುಳ್ಳ ಬೊಗಳ್ತಿಯಾ?”

ಕೇಳಿಸಿಕೊಂಡವರು ಅಲ್ಲಿದ್ದರು. ಒಬ್ಬರೂ ಕೇಳಿಸಿಕೊಂಡೆವು ಅನ್ನಲಿಲ್ಲ. ವಿಮಾನವನ್ನು ಬಿಚ್ಚಿದರು. ಕೂಡಿಸಲೆಂದು ತೋಡಿದ್ದ ಕುಣಿಯನ್ನು ಉದ್ದಕ್ಕೆ ಮತ್ತೆ ತೋಡಿಸಿದರು. ಮುದುಕಿ ಮಲಗಿಕೊಂಡೇ ಹೋದಳು. ಅವಳ ಹಿಂದೆ ನಡೆದ ಓಣಿಯ ಮಂದಿ ದಾರಿಯುದ್ದಕ್ಕೂ ಮಾತಾಡಿದ್ದು ಯಮನವ್ವನನ್ನು. ಪೆಂಡಾಲಿನವನು ಆ ಮಾತು ಕೇಳಿಯೇ ಊರ ಹೊರಗಿಂದ ಗಾಡಿ ತಿರುಗಿಸಿಕೊಂಡು ಹೋದ.

ಇಳಕಲ್ಲಿನ ಮಾತು ಚೊಳಚಗುಡ್ಡ ತಲುಪಲು ಎಷ್ಟು ಹೊತ್ತು? ಗುರುವಾರ ಯಮನವ್ವ ತಲೆ ಎರೆದುಕೊಂಡು, ಬಾಗಿಲಿಗೆ ನೀರು ಹೊಡೆದು, ಆರತಿ ತಟ್ಟೆ ಸಿದ್ಧ ಮಾಡಿ ಕೂತಳು. ಬಸ್ಸುಗಳು ಬಂದು ಹೋದವು. ಸಂಜೆ ಸಚಿನ ಫೋನು ಮಾಡಿದ. “ಅತ್ತೀರ, ಅವ್ವ ಬ್ಯಾಡ ಅಂತಾಳ್ರಿ” ಅಂದ. ಅಷ್ಟು ಹೇಳಿ ಫೋನಿಟ್ಟ.

ಹೆರಿಗೆ ಅಲ್ಲೇ ಆಯಿತು. ಯಮನವ್ವನಿಗೆ ತಿಳಿದದ್ದು ದಸ್ತಗೀರಬಿಯಿಂದ, ಅವಳಿಗೆ ತಿಳಿದದ್ದು ಬಾದಾಮಿಯಲ್ಲಿದ್ದ ತನ್ನ ಬೀಗರಿಂದ. ಅಂದರೆ ಅಜ್ಜಿಗಿಂತ ಮೊದಲು ನಳದ ಕಟ್ಟೆಗೆ ಸುದ್ದಿ. ಫೋನು ಹಚ್ಚಿದಳು. ಮಹಾನಂದಾ ಎತ್ತಿಕೊಂಡಳು, ಹಿಂದೆ ಕೂಸಿನ ಸಣ್ಣ ಅಳು. ಯಮನವ್ವನಿಗೆ ಎಲ್ಲ ಮರೆತುಹೋಯಿತು.

“ಮಹಾನಂದ, ಕೂಸು ಆರಾಮ ಐತೇನವಾ?”

ಮಗಳು ಮೆಲ್ಲಗೆ, ಬೇರೆ ಯಾರಿಗೂ ಕೇಳಿಸಬಾರದು ಅನ್ನುವಂತೆ ಹೇಳಿದಳು.

“ಹಂಗ ಕೇಳಬ್ಯಾಡ, ಅವ್ವಾ. ನೀ ಹಂಗ ಕೇಳಬ್ಯಾಡ.”

“ಯಾಕ?”

“ನನಗ ಅಂಜಿಕಿ ಬರ್ತೈತಿ.”

ಓಣಿಯವರು ಅಂದದ್ದನ್ನು ಆಕೆ ತಡೆದುಕೊಂಡಿದ್ದಳು. ಇದನ್ನು ತಡೆದುಕೊಳ್ಳಲಿಲ್ಲ. ಗಂಡೋ ಹೆಣ್ಣೋ ಎಂದೂ ಕೇಳದೆ ಫೋನಿಟ್ಟಳು. ಅಂದಿನಿಂದ ಗುನುಗುವುದೂ ನಿಂತಿತು.

ತಾಯಿಯ ದಿನದ ಕಾರ್ಯಗಳೆಲ್ಲ ಮುಗಿದ ಮೇಲೆ ಶಿವಸಂಗಪ್ಪ ಮನೆ ಬಿಡು ಅಂದ. ಯಮನವ್ವ ಸಾಮಾನು ಕಟ್ಟಿದಳು. ಖಾದರಬಾಷಾ ಟಂಟಂ ತಂದ. ಪೆಟ್ಟಿಗೆ ಏರಿಸಿದ. ಅದಕ್ಕೆ ಗೋಣಿ ಹೊದಿಸಲು ಹೋದವನನ್ನು ಯಮನವ್ವ ತಡೆದಳು. ಭಾಂಡೆ, ಹಾಸಿಗೆ ಏರಿದವು.

“ಎಲ್ಲಿಗೆ, ಅಕ್ಕಾ?”

“ಬಾಗಲಕೋಟಿ ನವನಗರಕ್ಕ. ಅಲ್ಲಿ ಒಬ್ಬರ ಹೆಸರ ಒಬ್ಬರಿಗಿ ಗೊತ್ತಿಲ್ಲಂತ.”

ತೊಟ್ಟಿಲೊಂದು ಉಳಿದಿತ್ತು. ದಸ್ತಗೀರಬಿಯ ಸೊಸೆ, ಅರ್ಷದನ ಹೆಂಡತಿ ಆಫ್ರೀನಳಿಗೆ ದಿನ ತುಂಬಿದ್ದವು. ಯಮನವ್ವ ತೊಟ್ಟಿಲನ್ನು ಎತ್ತಿಕೊಂಡು ಹೋಗಿ ಆ ಬಾಗಿಲ ಮುಂದೆ ಇಟ್ಟಳು. “ಅರ್ಷದನ್ನ ತೂಗಿದ ಕೈ ಇದು, ದಸ್ತಗೀರಬಿ. ಇಟ್ಕೊ.”

ದಸ್ತಗೀರಬಿ ಗೊಂಡೆಯ ದಾರ ಬೆರಳಿಗೆ ಸುತ್ತಿಕೊಂಡೇ ಎದ್ದು ನಿಂತಳು. ತೊಟ್ಟಿಲನ್ನು ಮುಟ್ಟಲಿಲ್ಲ. “ಬ್ಯಾಡ, ತಂಗಿ. ಸಿಟ್ಟಿಗೇಳಬ್ಯಾಡ. ಬ್ಯಾಡ.”

ತೊಟ್ಟಿಲು ಪೆಟ್ಟಿಗೆಯ ಗಾಜಿನ ಮೇಲೆ ಏರಿತು. ಅಲ್ಲಾಡಬಾರದೆಂದು ಖಾದರಬಾಷಾ ಹಗ್ಗ ಬಿಗಿದ.

ಯಮನವ್ವ ಮನೆಯೊಳಗೆ ಹೋದಳು. ಹೊಸ ಸುಣ್ಣದ ಗೋಡೆಯನ್ನು ಒಮ್ಮೆ ನೋಡಿದಳು, ಕಸ ಹೊಡೆದು ಪೊರಕೆಯನ್ನು ಮೂಲೆಗಿಟ್ಟಳು. ಹೊರಗೆ ಬಂದು ಕೀಲಿ ಹಾಕಿ ಶಿವಸಂಗಪ್ಪನ ಕೈಗೆ ಕೊಟ್ಟಳು. ಓಣಿಯ ಮಂದಿ ತಮ್ಮ ತಮ್ಮ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. ಯಾರಾದರೂ ಒಬ್ಬರು ಹೋಗಿ ಬಾ ಅನ್ನಬೇಕಿತ್ತು. ದಸ್ತಗೀರಬಿ “ಹೋಗಿ...” ಅಂದಳು, ಉಳಿದದ್ದನ್ನು ನುಂಗಿದಳು. ಶಿವಸಂಗಪ್ಪ ಕೀಲಿಯನ್ನು ಕಿಸೆಗೆ ಹಾಕಿಕೊಳ್ಳುತ್ತ, “ಹೋಗವಾ” ಅಂದ. ಬರೀ ಅಷ್ಟೇ.

ಯಮನವ್ವ ಟಂಟಂನ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟವಳು ಇಳಿದಳು. ತಿರುಗಿ ನಿಂತು, ತೊಟ್ಟಿಲ ಮುಂದೆ ಹಾಡುವಾಗ ಏರಿಸುತ್ತಿದ್ದ ಆ ದನಿಯಲ್ಲಿ ಹೇಳಿದಳು.

“ಬರ್ತೇನ್ರೀ, ಶಿವಸಂಗಪ್ಪಣ್ಣಾ.”

ಶಿವಸಂಗಪ್ಪನ ಕೈ ಕಿಸೆಯಲ್ಲೇ ನಿಂತಿತು.

“ಬರ್ತೇನವಾ, ದಸ್ತಗೀರಬಿ. ನಿನ್ನ ಮನಿಗೂ ಬರ್ತೇನಿ. ಆರಾಮ ಅದೀರೆಲ್ಲಾರು? ಕಾಕಾ, ಕೆಮ್ಮ ಹೆಂಗೈತಿ? ಆರಾಮೇನ್ರಿ? ಬರ್ತೇನ್ರೀ.”

ಒಂದು ಬಾಗಿಲು ಮುಚ್ಚಿತು, ಅದರ ಮಗ್ಗುಲಿನದೂ ಮುಚ್ಚಿತು. ಯಾರೋ ಕೂಸನ್ನು ಎಳೆದುಕೊಂಡು ಒಳಗೆ ಓಡಿದರು. ಮಗ್ಗಗಳು ಖಟಕ್ಕೆಂದು ಒಂದೊಂದಾಗಿ ನಿಂತವು.

ಖಾದರಬಾಷಾ ಗಾಡಿ ಚಾಲೂ ಮಾಡಿ ಹೊರಗೆ ತಲೆ ಹಾಕಿದ. “ಸಾಕ, ಗಾಡಿ ಹತ್ತು, ಅಕ್ಕಾ. ಇನ್ನೂ ಎಷ್ಟ ಮನಿಗಿ ಹೇಳ್ತಿ?”

“ತಡಿಯೋ, ಹೇಳಿಬಿಡ್ತೇನಿ” ಅಂದಳು ಯಮನವ್ವ, ಮುಂದಿನ ಬಾಗಿಲ ಕಡೆ ನೋಡುತ್ತ. “ಒಂದ ಮನೀನೂ ಬಿಡಬಾರದು.”